ನಂಜು ಒಂದೇ, ಗಿಡ ಬೇರೆ

ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಗೆ ಹಳಗನ್ನಡದ ಪಾಠ ಮುಗಿಸಿ ಹೊರಗೆ ಬರುತ್ತಿದ್ದೆ. ಮಲೆನಾಡಿನ ಕಡೆಯಿಂದ ಬಂದು ನಮ್ಮೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದ ಹುಡುಗನೊಬ್ಬ ಹಿಂದೆಯೇ ಬಂದು ನಿಂತ. "ಸಾರ್, ನಮ್ಮ ಏಲಕ್ಕಿ ತೋಟಕ್ಕೆ ಕಟ್ಟೆ ಬಂದಿದೆ. ಹಳ್ಳದ ಪಕ್ಕದ್ದೆಲ್ಲ ಹೋಯಿತು. ನಡುವೆ ಒಂದು ಬುಡ ಮಾತ್ರ ಹಸಿರಾಗಿ ನಿಂತಿದೆ. ಅಪ್ಪ ಅದನ್ನೂ ಕಿತ್ತು ಸುಡಬೇಕು ಅನ್ನುತ್ತಾರೆ. ಅಜ್ಜಿ ಅದರ ಕಂದುಗಳನ್ನೇ ತೋಟಕ್ಕೆಲ್ಲ ನೆಡೋಣ ಅನ್ನುತ್ತಾರೆ. ಮನೆಯಲ್ಲಿ ದಿನಾ ಇದೇ ಜಗಳ. ಯಾರ ಮಾತು ಸರಿ ಸಾರ್?"

ಕನ್ನಡ ಪಂಡಿತನಿಗೆ ಏಲಕ್ಕಿಯ ಪರಿಚಯ ಪಾಯಸದಲ್ಲಿ ಆದಷ್ಟೇ. "ನನಗೆ ತಿಳಿಯದಪ್ಪಾ, ಓದಿ ಹೇಳುತ್ತೇನೆ" ಎಂದೆ. ಮೇಷ್ಟರಾದವನು ಹುಡುಗರಿಗೆ ಕೊಡುವ ಮನೆಗೆಲಸ ಒಮ್ಮೊಮ್ಮೆ ಹೀಗೆ ತನ್ನ ತಲೆಗೇ ಬರುತ್ತದೆ. ಅಂದು ಹಿಡಿದ ಓದು ನನ್ನನ್ನು ಏಲಕ್ಕಿ ತೋಟದಿಂದ ಹಾಲೆಂಡಿನ ಹೂದೋಟಕ್ಕೆ, ಅಲ್ಲಿಂದ ಇಂಗ್ಲೆಂಡಿನ ಆಲೂಗೆಡ್ಡೆಯ ಹೊಲಕ್ಕೆ, ಕೊನೆಗೆ ಅಮೆರಿಕದ ಹೊಗೆಸೊಪ್ಪಿನ ಪ್ರಯೋಗಶಾಲೆಗೆ ಕರೆದೊಯ್ಯಿತು. ಆ ಕಥೆಯನ್ನು ಓದುಗರ ಮುಂದಿಡಬೇಕೆಂದು ಈ ನಾಲ್ಕು ಮಾತು.

ಮೊದಲು ಹೆಸರಿನ ವಿಚಾರ. ವೈರಸ್ ಎಂಬುದು ಲ್ಯಾಟಿನ್ ಮಾತು. ವಿಷ ಎಂದು ಅದರ ಅರ್ಥ. ನಮ್ಮ 'ವಿಷ' ಶಬ್ದವೂ ಅದೂ ಒಂದೇ ಮೂಲದಿಂದ ಹುಟ್ಟಿದ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ರೈತರು ಗಿಡಗಳಿಗೆ ಬರುವ ಈ ಬಗೆಯ ಬೇನೆಗೆ ನಂಜುರೋಗ ಎನ್ನುತ್ತಾರೆ. ಅಚ್ಚಗನ್ನಡದ ಸೊಗಸಾದ ಮಾತು. ಈ ಲೇಖನಕ್ಕೆ ಅದೇ ಸಾಕು.

ಈ ನಂಜನ್ನು ಜನ ಬಹುಕಾಲ ರೋಗವೆಂದೇ ತಿಳಿದಿರಲಿಲ್ಲ. ಜಪಾನಿನ ಚಕ್ರವರ್ತಿನಿ ಕೋಕೆನ್ 752ರಲ್ಲಿ ಒಂದು ಕವಿತೆ ರಚಿಸಿದಳು. ಬೇಸಗೆಯಲ್ಲಿಯೇ ಹಳದಿಗೆ ತಿರುಗಿದ ಒಂದು ಕಾಡುಗಿಡದ ಎಲೆಗಳನ್ನು ಅದರಲ್ಲಿ ವರ್ಣಿಸಿದ್ದಾಳೆ. ಅದು 'ಮಾನ್ಯೋಶು' ಎಂಬ ಪ್ರಾಚೀನ ಸಂಕಲನದಲ್ಲಿ ಸೇರಿದೆ. ಆ ಹಳದಿ ಬಣ್ಣ ಒಂದು ನಂಜಿನಿಂದ ಬರುವಂಥದೆಂದು 2003ರಲ್ಲಿ ವಿಜ್ಞಾನಿಗಳು ತೋರಿಸಿದರು. ಕವಿಯ ಕಣ್ಣು ಕಂಡದ್ದು ಋತುವಿನ ಚೆಲುವನ್ನು, ಅಡಗಿದ್ದದ್ದು ಬೇನೆ.

ಹಾಲೆಂಡಿನ ಟ್ಯೂಲಿಪ್ ಹೂವಿನ ಕಥೆಯೂ ಇಂಥದೇ. ಹದಿನೇಳನೆಯ ಶತಮಾನದಲ್ಲಿ, ಕೆಂಪು ಅಥವಾ ನೇರಳೆ ದಳದ ಮೇಲೆ ಬಿಳಿಯ ಇಲ್ಲವೆ ಹಳದಿಯ ಜ್ವಾಲೆಗಳು ಹರಿದಂತೆ ಕಾಣುವ ಟ್ಯೂಲಿಪ್ಪುಗಳಿಗಾಗಿ ಅಲ್ಲಿನ ಜನ ಹುಚ್ಚೆದ್ದು ಹಣ ಸುರಿದರು. 1637ರ ಫೆಬ್ರವರಿಯಲ್ಲಿ ಆ ಬೆಲೆಗಳು ಕುಸಿದು ಬಿದ್ದದ್ದು ಅರ್ಥಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯಲ್ಲಿದ್ದ ಡೊರೊಥಿ ಕೇಲಿ ಎಂಬಾಕೆ 1928ರಲ್ಲಿ, ಪಟ್ಟೆ ಬಂದ ಗಿಡದ ಗೆಡ್ಡೆಯ ತುಂಡನ್ನು ನಿರೋಗಿ ಗೆಡ್ಡೆಗೆ ಕಸಿಮಾಡಿ, ಪಟ್ಟೆಯು ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆಂದು ತೋರಿಸಿದಳು. ಪಟ್ಟೆಗೆ ಕಾರಣ ನಂಜು.

ಇಲ್ಲಿಯೇ ನಮ್ಮ ವಿಷಯಕ್ಕೆ ಬೇಕಾದ ಮೊದಲನೆಯ ಸುಳಿವು ಸಿಕ್ಕುತ್ತದೆ. ಟ್ಯೂಲಿಪ್ಪಿನ ದಳಕ್ಕೆ ಬಿಳಿಯದೋ ಹಳದಿಯದೋ ಒಂದು ತಳಬಣ್ಣವುಂಟು; ಅದರ ಮೇಲೆ ಕೆಂಪು, ನೇರಳೆಗಳ ಹೊದಿಕೆ. ನಂಜು ಮಾಡುವುದು ಆ ಹೊದಿಕೆಯನ್ನು ಅಲ್ಲಲ್ಲಿ ಕೆಡಿಸುವ ಕೆಲಸ. ಆಗ ತಳಬಣ್ಣ ಇಣುಕುತ್ತದೆ. ಹುಟ್ಟಿನಿಂದಲೇ ಶುದ್ಧ ಬಿಳಿಯ ಅಥವಾ ಶುದ್ಧ ಹಳದಿಯ ತಳಿಯಾದರೆ ಹೊದಿಕೆಯೇ ಇಲ್ಲ, ಆದಕಾರಣ ಪಟ್ಟೆಯೂ ಇಲ್ಲ. ನಂಜು ಒಳಗಿದ್ದರೂ ಹೂವು ಅದನ್ನು ಹೇಳುವುದಿಲ್ಲ. ದಳದ ಬಣ್ಣ ವಂಶದಿಂದ ಬಂದದ್ದು. ಹಾಗಾದರೆ ರೋಗದ ಚಿಹ್ನೆಯಲ್ಲಿ ನಂಜಿನ ಪಾಲು ಎಷ್ಟೋ ಗಿಡದ ವಂಶದ ಪಾಲೂ ಅಷ್ಟು ಇದೆಯೆಂದಾಯಿತು.

ಎರಡನೆಯ ಸುಳಿವು ಆಲೂಗೆಡ್ಡೆಯದು. ಇಂಗ್ಲೆಂಡಿನಲ್ಲಿ 'ಕಿಂಗ್ ಎಡ್ವರ್ಡ್' ಎಂಬುದು ಬಹು ಜನಪ್ರಿಯವಾದ ತಳಿ. ನೋಡಲು ದೃಢವಾದ ಗಿಡ, ರುಚಿಯಾದ ಗೆಡ್ಡೆ. ಸ್ಯಾಲಮನ್ ಮತ್ತು ಲಪೆಲಿ ಎಂಬ ಇಬ್ಬರು ವಿದ್ವಾಂಸರು 1930ರಲ್ಲಿ ಈ ಗಿಡದ ಕೊಂಬೆಯನ್ನು 'ಆರನ್ ವಿಕ್ಟರಿ' ಎಂಬ ಬೇರೊಂದು ತಳಿಗೆ ಕಸಿಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಕಸಿಮಾಡಿಸಿಕೊಂಡ ಆರನ್ ವಿಕ್ಟರಿಯ ಎಲೆಗಳು ಮುದುಡಿ ಸುಕ್ಕುಗಟ್ಟಿದವು. ನಂಜು ಎಲ್ಲಿಂದ ಬಂತು? ಆರೋಗ್ಯವೇ ಮೈವೆತ್ತಂತಿದ್ದ ಕಿಂಗ್ ಎಡ್ವರ್ಡಿನಿಂದಲೇ ಬಂತು. ಆ ತಳಿಯ ಗಿಡಗಳೆಲ್ಲ ನಂಜನ್ನು ಒಡಲಲ್ಲಿಟ್ಟುಕೊಂಡು ತಲೆತಲಾಂತರದಿಂದ ಸುಮ್ಮನೆ ಬಾಳಿಕೊಂಡಿದ್ದವು. ನಂಜಿಲ್ಲದ ಕಿಂಗ್ ಎಡ್ವರ್ಡ್ ಗಿಡ ಹೇಗಿರುತ್ತದೆಂದು ನೋಡಲು ಲೋಕ ಇನ್ನೂ ಕಾಯಬೇಕಾಯಿತು. ಕಸಾನಿಸ್ ಎಂಬ ವಿಜ್ಞಾನಿ ಕುಡಿಯ ತೀರ ತುದಿಯ ಚೂರನ್ನು ಗಾಜಿನ ನಳಿಗೆಯಲ್ಲಿ ಬೆಳೆಸಿ ನಂಜಿಲ್ಲದ ಗಿಡವನ್ನು ಪಡೆದದ್ದನ್ನು 1957ರಲ್ಲಿ ಪ್ರಕಟಿಸಿದನು.

ಇದನ್ನು ಓದಿದಾಗ ನನಗೆ ಆ ಹುಡುಗನ ಅಜ್ಜಿಯ ನೆನಪಾಗಿ ಎದೆ ಸ್ವಲ್ಪ ಅಳುಕಿತು. ಹಸಿರಾಗಿ ನಿಂತ ಬುಡವೆಲ್ಲ ನಿರೋಗಿಯೆಂದು ಹೇಳುವಂತಿಲ್ಲ. ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ.

ಇತ್ತ ಅನುವಂಶದ ಶಾಸ್ತ್ರ ಬೇರೆಯ ದಾರಿಯಲ್ಲಿ ಬೆಳೆಯುತ್ತಿತ್ತು. ಮೆಂಡೆಲ್ ಎಂಬ ಪಾದ್ರಿ ಬಟಾಣಿ ಗಿಡಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1866ರಲ್ಲಿ ಪ್ರಕಟಿಸಿದನು. ಲೋಕ ಅದನ್ನು ಕಂಡುಕೊಂಡದ್ದು 1900ರಲ್ಲಿ. ಐದು ವರ್ಷಗಳಲ್ಲಿಯೇ, ಅಂದರೆ 1905ರಲ್ಲಿ, ಕೇಂಬ್ರಿಜ್ಜಿನ ಬಿಫೆನ್ ಎಂಬುವನು ಗೋಧಿಯ ತುಕ್ಕುರೋಗವನ್ನು ತಡೆಯುವ ಗುಣವೂ ಮೆಂಡೆಲನ ಲೆಕ್ಕಕ್ಕೆ ಅನುಸಾರವಾಗಿ ಮಕ್ಕಳು ಮೊಮ್ಮಕ್ಕಳಿಗೆ ಇಳಿಯುತ್ತದೆಂದು ತಿಳಿಸಿದನು. ತುಕ್ಕುರೋಗ ಶಿಲೀಂಧ್ರದಿಂದ ಬರುವುದು. ಕಣ್ಣಿಗೆ ಕಾಣದ ನಂಜಿನ ವಿಷಯದಲ್ಲಿಯೂ ಹೀಗೆಯೇ ಉಂಟೆ?

ಉತ್ತರ ಕೊಟ್ಟದ್ದು ಹೊಗೆಸೊಪ್ಪು. ಈ ಸೊಪ್ಪಿನಿಂದ ಮನುಷ್ಯನಿಗೆ ಆಗಿರುವ ಕೇಡು ಅಷ್ಟಿಷ್ಟಲ್ಲ. ಅದು ವಿದ್ಯೆಗೆ ಮಾಡಿದ ಉಪಕಾರವನ್ನೂ ಮರೆಯುವಂತಿಲ್ಲ. ಹಾಲೆಂಡಿನ ಹೊಗೆಸೊಪ್ಪಿನ ಹೊಲಗಳಲ್ಲಿ ಎಲೆಯ ಮೇಲೆ ತಿಳಿಹಸಿರು, ಕಡುಹಸಿರುಗಳ ಚಿತ್ತಾರ ಮೂಡುವ ಬೇನೆಯಿತ್ತು. ಅಡಾಲ್ಫ್ ಮಾಯರ್ ಎಂಬ ಪ್ರೊಫೆಸರು 1886ರಲ್ಲಿ ಅದನ್ನು ವಿವರಿಸಿ, ಬಣ್ಣದ ಕಲ್ಲುಗಳನ್ನು ಕೂಡಿಸಿ ಮಾಡಿದ ನೆಲಗಟ್ಟನ್ನು ಹೋಲುವುದರಿಂದ 'ಮೊಸಾಯಿಕ್' ಎಂದು ಕರೆದನು. ರೋಗಿಗಿಡದ ರಸವನ್ನು ನಿರೋಗಿಗಿಡಕ್ಕೆ ಚುಚ್ಚಿದರೆ ಅದಕ್ಕೂ ರೋಗ ಬರುತ್ತದೆಂದು ತೋರಿಸಿದವನೂ ಅವನೇ. 1892ರಲ್ಲಿ ರಷ್ಯದ ಇವಾನೊವ್‌ಸ್ಕಿ, ಬ್ಯಾಕ್ಟೀರಿಯಗಳನ್ನು ತಡೆಯುವಷ್ಟು ಸೂಕ್ಷ್ಮವಾದ ಪಿಂಗಾಣಿಯ ಶೋಧಕದಲ್ಲಿ ಸೋಸಿದ ಮೇಲೆಯೂ ಆ ರಸ ರೋಗ ಅಂಟಿಸುವುದನ್ನು ಕಂಡನು. 1898ರಲ್ಲಿ ಹಾಲೆಂಡಿನ ಬೈಜರಿಂಕ್, ಇದು ಬ್ಯಾಕ್ಟೀರಿಯವಲ್ಲ, ಜೀವಕೋಶದೊಳಗೆ ಮಾತ್ರ ಹೆಚ್ಚುವ ಬೇರೆಯೇ ಒಂದು ವಸ್ತು ಎಂದು ಸಾರಿದನು. ಅಲ್ಲಿಂದ ನಂಜಿನ ಶಾಸ್ತ್ರ ಪ್ರಾರಂಭ.

1929ರಲ್ಲಿ ಅಮೆರಿಕದ ಫ್ರಾನ್ಸಿಸ್ ಹೋಮ್ಸ್ ಎಂಬ ವಿಜ್ಞಾನಿ ಒಂದು ಸಣ್ಣ ಸಂಗತಿಯನ್ನು ಪ್ರಕಟಿಸಿದನು. ಹೊಗೆಸೊಪ್ಪಿಗೆ ದಕ್ಷಿಣ ಅಮೆರಿಕದಲ್ಲಿ ಕಾಡುಬಂಧುಗಳು ಹಲವು ಇವೆ. ಅವುಗಳಲ್ಲಿ ಪೆರು ದೇಶದ 'ನಿಕೋಟಿಯಾನ ಗ್ಲುಟಿನೋಸ' ಎಂಬುದೂ ಒಂದು. ಮೊಸಾಯಿಕ್ ನಂಜಿನ ರಸವನ್ನು ಸಾಮಾನ್ಯ ಹೊಗೆಸೊಪ್ಪಿನ ಎಲೆಗೆ ಉಜ್ಜಿದರೆ ಕೆಲವು ದಿನಗಳಲ್ಲಿ ನಂಜು ಗಿಡವನ್ನೆಲ್ಲ ಆವರಿಸಿ ಹೊಸ ಎಲೆಗಳಲ್ಲಿ ಚಿತ್ತಾರ ಬರಿಸುತ್ತದೆ. ಅದೇ ರಸವನ್ನು ಈ ಕಾಡುಗಿಡದ ಎಲೆಗೆ ಉಜ್ಜಿದರೆ ಎರಡು ಮೂರು ದಿನಗಳಲ್ಲಿ ಅಲ್ಲಲ್ಲಿ ಕಂದುಬಣ್ಣದ ಒಣ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ; ಅಷ್ಟೇ. ನಂಜು ಆ ಚುಕ್ಕೆಯನ್ನು ದಾಟಿ ಮುಂದೆ ಹೋಗುವುದಿಲ್ಲ. ಗಿಡ ಉಳಿಯುತ್ತದೆ.

ಆಗಿದ್ದೇನೆಂದರೆ, ನಂಜು ಹೊಕ್ಕ ಜಾಗದ ಜೀವಕೋಶಗಳು ತಾವಾಗಿಯೇ ಸಾಯುತ್ತವೆ. ಊರಿಗೆ ಬೆಂಕಿ ಬಿದ್ದಾಗ ಸುತ್ತಲಿನ ಗುಡಿಸಲುಗಳ ಸೋಗೆಯನ್ನು ಕಿತ್ತೊಗೆದು ಬೆಂಕಿ ಹಬ್ಬದಂತೆ ಹಿಂದಿನವರು ಮಾಡುತ್ತಿದ್ದರಲ್ಲ, ಅದೇ ಉಪಾಯ. ಹೋಮ್ಸನು ಈ ಚುಕ್ಕೆಗಳನ್ನು ಎಣಿಸಿದನು. ರಸದಲ್ಲಿ ನಂಜು ಹೆಚ್ಚಿದ್ದರೆ ಚುಕ್ಕೆ ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ಅದುವರೆಗೆ ನಂಜನ್ನು ಅಳೆಯಲು ಸುಲಭವಾದ ಮಾನವೇ ಇರಲಿಲ್ಲ. ಈಗ ಎಲೆಯೇ ಮಣೆಯಾಯಿತು, ಚುಕ್ಕೆಯೇ ಲೆಕ್ಕವಾಯಿತು. 1935ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ಈ ನಂಜನ್ನು ಹರಳುಗಳ ರೂಪದಲ್ಲಿ ಬೇರ್ಪಡಿಸಿ ಲೋಕವನ್ನು ಬೆರಗುಗೊಳಿಸಿದನು. ಆ ಹರಳಿನಲ್ಲಿ ರೋಗ ಬರಿಸುವ ಶಕ್ತಿ ಎಷ್ಟೆಂದು ಅಳೆಯಲು ಅವನಿಗೆ ಒದಗಿದ್ದು ಈ ಚುಕ್ಕೆಯ ಲೆಕ್ಕವೇ. ಆ ಕೆಲಸಕ್ಕಾಗಿ 1946ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಸ್ಟ್ಯಾನ್ಲಿಗೆ ಪಾಲು ಬಂದಿತು.

ಕಾಡುಗಿಡದ ಈ ಗುಣವನ್ನು ಹೊಲದ ಗಿಡಕ್ಕೆ ತರಲಾದೀತೆ? ಸುಲಭವಲ್ಲ. ಹೊಗೆಸೊಪ್ಪಿಗೆ 48 ವರ್ಣತಂತುಗಳು, ಕಾಡುಗಿಡಕ್ಕೆ 24. ಎರಡಕ್ಕೂ ಹುಟ್ಟಿದ ಮಿಶ್ರ ಸಂತಾನ ಬಂಜೆಯಾಗುತ್ತದೆ. ಆದರೆ 1925ರಲ್ಲಿಯೇ ಕ್ಲಾಸೆನ್ ಮತ್ತು ಗುಡ್‌ಸ್ಪೀಡ್ ಎಂಬುವರು ಇಂಥ ಮಿಶ್ರಗಿಡವೊಂದರಲ್ಲಿ ವರ್ಣತಂತುಗಳು ಇಮ್ಮಡಿಯಾಗಿ 72 ಆಗಿ, ಅದು ಬೀಜ ಕಟ್ಟಿದ್ದನ್ನು ವರದಿಮಾಡಿದ್ದರು. ಹೋಮ್ಸನು ಆ ಬಗೆಯ ಗಿಡವನ್ನು ಸೇತುವೆ ಮಾಡಿಕೊಂಡು, ಪೀಳಿಗೆಯ ಮೇಲೆ ಪೀಳಿಗೆ ಸಾಮಾನ್ಯ ಹೊಗೆಸೊಪ್ಪಿನೊಡನೆ ಸಂಕರಮಾಡುತ್ತ, ಪ್ರತಿಸಾರಿಯೂ ಚುಕ್ಕೆ ತೋರುವ ಸಸಿಗಳನ್ನು ಮಾತ್ರ ಆರಿಸುತ್ತ ಬಂದನು. 1938ರಲ್ಲಿ ಫಲಿತಾಂಶ ಹೊರಬಂತು. ಹೊರನೋಟಕ್ಕೆ ಅಪ್ಪಟ ಹೊಗೆಸೊಪ್ಪು. ನಂಜು ತಗುಲಿದರೆ ಮಾತ್ರ ಕಾಡಿನ ಬಂಧುವಿನ ಹಾಗೆ ಚುಕ್ಕೆ. ಸಂತಾನದ ಲೆಕ್ಕ ನೋಡಿದರೆ ಮೂರು ಪಾಲು ಚುಕ್ಕೆಯವು, ಒಂದು ಪಾಲು ಚಿತ್ತಾರದವು. ಮೆಂಡೆಲನ ಬಟಾಣಿಯ ಲೆಕ್ಕವೇ. ಹಾಗಾದರೆ ಇಷ್ಟೆಲ್ಲ ವ್ಯತ್ಯಾಸಕ್ಕೆ ಕಾರಣವಾದದ್ದು ಒಂದೇ ಒಂದು ಜೀನು. ಅದಕ್ಕೆ 'ಎನ್' ಎಂಬ ಒಂದಕ್ಷರದ ಹೆಸರು ನಿಂತಿತು.

ಈ ಕಾವಲುಗಾರನಿಗೆ ಒಂದು ದೌರ್ಬಲ್ಯವುಂಟು. ಹವೆಯ ಉಷ್ಣ ಸುಮಾರು 28 ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಅವನು ತೂಕಡಿಸುತ್ತಾನೆ. ಆಗ ಚುಕ್ಕೆ ಬೀಳುವುದಿಲ್ಲ; ನಂಜು ಗಿಡವನ್ನೆಲ್ಲ ವ್ಯಾಪಿಸುತ್ತದೆ. ಮತ್ತೆ ತಂಪಾದೊಡನೆ ಅವನಿಗೆ ಎಚ್ಚರವಾಗುತ್ತದೆ. ಶತ್ರು ಮನೆಯ ಎಲ್ಲ ಕೋಣೆಗಳಲ್ಲಿಯೂ ಇದ್ದಾನೆ. ಕಾವಲುಗಾರ ಎಲ್ಲ ಕೋಣೆಗಳಿಗೂ ಬೆಂಕಿಯಿಡುತ್ತಾನೆ. ಗಿಡವೇ ಸತ್ತುಹೋಗುತ್ತದೆ. ಗಿಡವನ್ನು ಉಳಿಸುವ ಗುಣವೇ ಹೊತ್ತು ತಪ್ಪಿದರೆ ಗಿಡವನ್ನು ಕೊಲ್ಲುತ್ತದೆ. ನಂಜು ಅದೇ, ಗಿಡ ಅದೇ, ಜೀನೂ ಅದೇ. ಬಿಸಿಲು ಬೇರೆಯಾದದ್ದರಿಂದ ರೋಗದ ರೂಪ ಬೇರೆಯಾಯಿತು.

ಇಂಥ ಹೊಗೆಸೊಪ್ಪಿನಲ್ಲಿಯೇ ಇನ್ನೂ ಒಂದು ಸೋಜಿಗ ಕಂಡುಬಂತು. 1961ರಲ್ಲಿ ಅಮೆರಿಕದ ಫ್ರಾಂಕ್ ರಾಸ್, ಒಂದು ಎಲೆಯಲ್ಲಿ ಚುಕ್ಕೆ ಬಿದ್ದ ಗಿಡದ ಬೇರೆ ಎಲೆಗಳಿಗೆ ಮತ್ತೆ ನಂಜು ಉಜ್ಜಿದರೆ ಅಲ್ಲಿ ಬೀಳುವ ಚುಕ್ಕೆಗಳು ಕಿರಿದಾಗಿಯೂ ಕಡಿಮೆಯಾಗಿಯೂ ಇರುತ್ತವೆಂದು ತಿಳಿಸಿದನು. ಪೆಟ್ಟು ತಿಂದ ಎಲೆ ಉಳಿದವಕ್ಕೆ ಎಚ್ಚರಿಕೆ ಕಳುಹಿಸುತ್ತದೆಂದು ಅರ್ಥ. 1979ರಲ್ಲಿ ಇಂಗ್ಲೆಂಡಿನ ವೈಟ್ ಎಂಬ ವಿಜ್ಞಾನಿ ಆಸ್ಪಿರಿನ್ ಕೊಟ್ಟು ನೋಡಿದನು. ಅದು ನಾವು ತಲೆನೋವಿಗೆ ನುಂಗುವ ಅದೇ ಮಾತ್ರೆಯ ಮದ್ದು. ಆ ಎಲೆಗಳಲ್ಲಿಯೂ ನಂಜಿನ ಚುಕ್ಕೆಗಳು ಕಡಿಮೆಯಾದವು. ಆಸ್ಪಿರಿನ್ನಿನ ನೆಂಟನಾದ ಸ್ಯಾಲಿಸಿಲಿಕ್ ಆಮ್ಲ ಗಿಡದ ಒಳಗೇ ಹುಟ್ಟುವ ಎಚ್ಚರಿಕೆಯ ಸರಕುಗಳಲ್ಲಿ ಒಂದೆಂದು ಮುಂದೆ ತಿಳಿಯಿತು.

ಎನ್ ಜೀನನ್ನು ಕೈಯಲ್ಲಿ ಹಿಡಿದು ನೋಡಿದ್ದು 1994ರಲ್ಲಿ. ಕ್ಯಾಲಿಫೋರ್ನಿಯದಲ್ಲಿ ಬಾರ್ಬರಾ ಬೇಕರ್ ಅವರ ಬಳಗದ ಕೆಲಸ. ಮುಸುಕಿನ ಜೋಳದಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ನೆಗೆಯುವ ಜೀನಿನ ತುಣುಕೊಂದುಂಟು. ಅದನ್ನು ಹೊಗೆಸೊಪ್ಪಿಗೆ ಸೇರಿಸಿದರು. ಅದು ನೆಗೆದು ಎಲ್ಲಾದರೂ ಎನ್ ಜೀನಿನ ನಡುವೆಯೇ ಕುಳಿತರೆ ಆ ಜೀನು ಕೆಡುತ್ತದೆ. ಅಂಥ ಸಸಿಯನ್ನು ಸಾವಿರಾರು ಸಸಿಗಳ ನಡುವೆ ಗುರುತಿಸುವುದು ಹೇಗೆ? ಆಗಲೇ ಹೇಳಿದ ದೌರ್ಬಲ್ಯವನ್ನೇ ಅವರು ಪರೀಕ್ಷೆಯಾಗಿ ಬಳಸಿದರು. ಸಸಿಗಳಿಗೆ ನಂಜು ಹಚ್ಚಿ ಬಿಸಿಯಲ್ಲಿಟ್ಟರು. ಆಮೇಲೆ ತಂಪಿಗೆ ತಂದರು. ಕಾವಲುಗಾರ ಇದ್ದ ಸಸಿಗಳೆಲ್ಲ ಸತ್ತವು. ಕಾವಲುಗಾರನನ್ನು ಕಳೆದುಕೊಂಡವು ಮಾತ್ರ ಚಿತ್ತಾರದ ಎಲೆ ಹೊತ್ತು ಬದುಕಿದವು. ಬದುಕಿದ ಸಸಿಯಲ್ಲಿ ಜೋಳದ ತುಣುಕು ಎಲ್ಲಿ ಕುಳಿತಿದೆಯೆಂದು ಹುಡುಕಿದಾಗ ಎನ್ ಜೀನು ಸಿಕ್ಕಿತು. ಅದರ ಆಜ್ಞೆಯಿಂದ ತಯಾರಾಗುವ ಪ್ರೋಟೀನು 1,144 ಅಮೈನೋ ಆಮ್ಲಗಳ ಸರಪಳಿ. ನಂಜು ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳಲು ಬಳಸುವ ಒಂದು ಪ್ರೋಟೀನಿನ ಭಾಗವನ್ನು ಅದು ಗುರುತು ಹಿಡಿಯುತ್ತದೆ. ಗುರುತು ಸಿಕ್ಕಿತೆಂದರೆ ಆ ಕೋಶಕ್ಕೆ ಸಾವಿನ ಅಪ್ಪಣೆ ಹೊರಡುತ್ತದೆ. ಎನ್ ಇಲ್ಲದ ಗಿಡಕ್ಕೆ ಆ ಗುರುತು ಸಿಕ್ಕುವುದಿಲ್ಲ. ನಂಜು ನೆಂಟನ ಹಾಗೆ ಒಳಗೆ ನಡೆಯುತ್ತದೆ. 1996ರಲ್ಲಿ ಈ ಜೀನನ್ನು ಟೊಮೇಟೊ ಗಿಡಕ್ಕೆ ಸೇರಿಸಿದಾಗ ಅದೂ ಈ ನಂಜನ್ನು ತಡೆಯಿತು.

ನಮ್ಮ ನಾಡಿನ ತೊಗರಿಯಲ್ಲಿಯೂ ಇದೇ ಪಾಠ ಉಂಟು. ಕಲಬುರಗಿಯ ಕಡೆಯ ರೈತರು ಗೊಡ್ಡುರೋಗವನ್ನು ಚೆನ್ನಾಗಿ ಬಲ್ಲರು. ಗಿಡ ಪೊದೆಯಾಗಿ ಹಸಿರು ಹಸಿರಾಗಿ ಬೆಳೆಯುತ್ತದೆ, ಹೂವಿಲ್ಲ, ಕಾಯಿಲ್ಲ. ಬಿಹಾರದ ಪೂಸಾದಿಂದ 1931ರಲ್ಲಿ ಇದರ ಮೊದಲ ವರದಿ ಬಂದರೂ ಕಾರಣವಾದ ನಂಜು ಕೈಗೆ ಸಿಕ್ಕಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ನುಸಿಯೊಂದು ಅದನ್ನು ಹೊತ್ತು ತಿರುಗುತ್ತದೆ. ಒಂದು ತಳಿಗೆ ಈ ನಂಜು ತಗುಲಿದರೆ ಪೂರ್ತಿ ಗೊಡ್ಡು. ಇನ್ನೊಂದು ತಳಿಯಲ್ಲಿ ಎಲೆಯ ಮೇಲೆ ಉಂಗುರದಂಥ ಕಲೆಗಳು ಮಾತ್ರ ಕಾಣಿಸಿ, ಗಿಡ ಹೂ ಬಿಡುತ್ತದೆ. ಮತ್ತೊಂದರಲ್ಲಿ ಏನೂ ಇಲ್ಲ. ನಂಜಿನಲ್ಲಿಯೂ ಜಾತಿಭೇದವುಂಟು. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನ ನಂಜನ್ನು ತಡೆದ ಕೆಲವು ತಳಿಗಳು ಬೆಂಗಳೂರಿನ ನಂಜಿಗೆ ಸೋತವು. ಆದ್ದರಿಂದ ಒಂದೂರಿನ ಗೆಲುವನ್ನು ಇನ್ನೊಂದೂರಿಗೆ ಹಾಗೆಯೇ ಒಯ್ಯುವಂತಿಲ್ಲ.

ಇನ್ನು ಏಲಕ್ಕಿಗೆ ಬರೋಣ. 'ಕಟ್ಟೆ' ಎಂಬ ನಮ್ಮ ಕಡೆಯ ಹೆಸರೇ ಲೋಕದ ವಿಜ್ಞಾನ ಗ್ರಂಥಗಳಲ್ಲೆಲ್ಲ ನಿಂತಿದೆ. ಎಳೆಯ ಎಲೆಯಲ್ಲಿ ನಡುದಿಂಡಿನಿಂದ ಅಂಚಿನವರೆಗೆ ತುಂಡುತುಂಡಾದ ತಿಳಿಹಸಿರು ಗೆರೆಗಳು ಅದರ ಲಕ್ಷಣ. ಒಂದು ಬಗೆಯ ಸಸ್ಯಹೇನು ಅದನ್ನು ಗಿಡದಿಂದ ಗಿಡಕ್ಕೆ ಹಬ್ಬಿಸುತ್ತದೆ. ರೋಗಿಗಿಡದ ಕಂದಿನಲ್ಲಿ ನಂಜು ಬರುತ್ತದೆ, ಬೀಜದಲ್ಲಿ ಬರುವುದಿಲ್ಲ. ರೋಗ ಹಬ್ಬಿದ ತೋಟಗಳಲ್ಲಿ ಹಸಿರಾಗಿ ಉಳಿದ ಗಿಡಗಳನ್ನು ಹುಡುಕಿ ತಂದು, ಮಡಿಕೇರಿಯ ಬಳಿಯ ಅಪ್ಪಂಗಳದ ಸಂಶೋಧನಾ ಕೇಂದ್ರದವರು ಪರೀಕ್ಷೆಗೆ ಒಡ್ಡಿದರು. ಆ ಗಿಡಗಳಿಗೆ ಅವರಿಟ್ಟ ಹೆಸರು 'ಕಟ್ಟೆಯಿಂದ ಸಹಜವಾಗಿ ತಪ್ಪಿಸಿಕೊಂಡವು' ಎಂಬರ್ಥದ್ದು. ಎಷ್ಟು ಎಚ್ಚರದ ಹೆಸರು ನೋಡಿ. ಗೆದ್ದವು ಎನ್ನಲಿಲ್ಲ, ತಪ್ಪಿಸಿಕೊಂಡವು ಎಂದರು. ಅಂಥವುಗಳಿಂದ ಆರಿಸಿದ ಒಂದು ತಳಿ ನಿಜವಾಗಿಯೂ ಕಟ್ಟೆಯನ್ನು ತಡೆಯುವಂಥದಾಗಿ 'ವಿಜೇತ' ಎಂಬ ಹೆಸರಿನಿಂದ ಬೆಳೆಗಾರರಿಗೆ ಬಂದಿತು.

ಇಷ್ಟು ತಿಳಿದ ಮೇಲೆ ಹುಡುಗನನ್ನು ಕರೆದು ಹೇಳಿದೆ: "ನೋಡು ಮಗು, ಹಸಿರಾಗಿ ನಿಂತ ಬುಡಕ್ಕೆ ಮೂರು ಕಾರಣ ಇರಬಹುದು. ಹೇನು ಅದರ ಮೇಲೆ ಇನ್ನೂ ಕುಳಿತಿಲ್ಲದೆ ಇರಬಹುದು. ನಂಜು ಒಳಗಿದ್ದೂ ಕಿಂಗ್ ಎಡ್ವರ್ಡ್ ಆಲೂಗೆಡ್ಡೆಯ ಹಾಗೆ ತೋರಿಸಿಕೊಳ್ಳದೆ ಇರಬಹುದು. ಇಲ್ಲವೆ ಅದರ ವಂಶದಲ್ಲಿಯೇ ನಂಜನ್ನು ತಡೆಯುವ ಗುಣ ಇರಬಹುದು. ಕಣ್ಣಿನಿಂದ ನೋಡಿ ಈ ಮೂರನ್ನು ಬೇರೆ ಮಾಡಲಾಗದು. ಅಪ್ಪನ ಮಾತು ಕೇಳಿ ಸುಟ್ಟರೆ ಮೂರನೆಯದಾಗಿದ್ದಲ್ಲಿ ದೊಡ್ಡ ಸಂಪತ್ತು ಹೋಗುತ್ತದೆ. ಅಜ್ಜಿಯ ಮಾತು ಕೇಳಿ ಕಂದು ಹಂಚಿದರೆ ಎರಡನೆಯದಾಗಿದ್ದಲ್ಲಿ ನಾವೇ ರೋಗ ನೆಟ್ಟಂತಾಗುತ್ತದೆ. ಅದರಿಂದ ಕಂದು ಕೀಳಬೇಡಿ, ಬುಡವನ್ನೂ ಕೀಳಬೇಡಿ. ತಿಳಿದವರನ್ನು ಕರೆದು ತೋರಿಸಿ."

ಮುಂದಿನ ವರ್ಷ ರಜೆ ಮುಗಿಸಿ ಬಂದ ಹುಡುಗ ಸಪ್ಪಗಿದ್ದ. ಮಳೆಗಾಲ ಕಳೆದ ಮೇಲೆ ಆ ಬುಡದ ಹೊಸ ಎಲೆಯಲ್ಲಿಯೂ ಗೆರೆಗಳು ಕಾಣಿಸಿದವಂತೆ. ಅದು ಹೇನಿನ ಕಣ್ಣಿಗೆ ಬೀಳದೆ ಉಳಿದಿದ್ದ ಗಿಡವಿರಬೇಕು. ಅಪ್ಪ ಅದನ್ನು ಕಿತ್ತು ಸುಟ್ಟರು. ತೋಟದಿಂದ ದೂರದಲ್ಲಿ ಬೀಜದಿಂದ ಎಬ್ಬಿಸಿದ ಸಸಿಗಳನ್ನು ತಂದು ನೆಟ್ಟರು. "ಅಜ್ಜಿ ಏನಂದರು?" ಎಂದು ಕೇಳಿದೆ. "ಒಂದು ದಿನ ಊಟ ಬಿಟ್ಟರು ಸಾರ್. ಈಗ ದಿನಾ ಬೆಳಿಗ್ಗೆ ಕೋಲೂರಿಕೊಂಡು ಹೋಗಿ ಹಳೆಯ ತೋಟದ ಉಳಿದ ಭಾಗದಲ್ಲಿ ಒಂದೊಂದೇ ಬುಡ ನೋಡಿಕೊಂಡು ಬರುತ್ತಾರೆ" ಎಂದ.